ಹಿತ್ತಿಲಲ್ಲಿ ಶಾಸನದ ಕಲ್ಲು ಸಿಕ್ಕರೆ

ಪ್ರಶ್ನೆ: ಬಾರಕೂರಿನ ನಮ್ಮ ಹಿತ್ತಿಲಲ್ಲಿ ಅಡಿಪಾಯ ತೋಡುವಾಗ ಅಕ್ಷರ ಕೆತ್ತಿದ ಶಿಲೆಕಲ್ಲು ಸಿಕ್ಕಿದೆ. ತೊಳೆದು, ಅಕ್ಷರಕ್ಕೆ ಬಣ್ಣ ತುಂಬಿ, ದೇವಸ್ಥಾನದೆದುರು ಕಾಂಕ್ರೀಟ್ ಕಟ್ಟೆಯಲ್ಲಿ ನಿಲ್ಲಿಸೋಣ ಎನ್ನುತ್ತಾರೆ ಊರವರು. ಆಗಬಹುದೇ?

ಉತ್ತರ: ದಯವಿಟ್ಟು ಈಗಲೇ ಎತ್ತಬೇಡಿ. ಬಾರಕೂರು ಕರಾವಳಿಯನ್ನು ಆಳಿದ ಆಳುಪ ಅರಸರ ರಾಜಧಾನಿಯಾಗಿದ್ದ ಬಂದರು. ವಿಜಯನಗರದ ಕಾಲದಲ್ಲಿ ‘ಬಾರಕೂರು ರಾಜ್ಯ’ ಎಂಬ ಪ್ರಾಂತ್ಯದ ಕೇಂದ್ರ. ಇಲ್ಲಿನ ಶಾಸನಗಳಲ್ಲಿ ಹತ್ತು ಕೇರಿಗಳೂ ಅಲ್ಲಿನ ‘ಹಲರು’ಗಳೂ (ಕೇರಿಯ ಪ್ರಮುಖರ ಕೂಟ) ಬರುತ್ತಾರೆ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ ಇಂದಿಗೂ ಬಳಕೆಯಲ್ಲಿರುವ ಹೆಸರುಗಳು. ಹಾಗಾಗಿ ಕಲ್ಲು ಯಾವ ಕೇರಿಯಲ್ಲಿ, ಎಷ್ಟು ಆಳದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ಇತ್ತೆಂಬುದು ಅಕ್ಷರದಷ್ಟೇ ಮುಖ್ಯ. ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಇವಿಷ್ಟನ್ನೂ ಬರೆದಿಡಿ. ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಲಿಖಿತವಾಗಿ ತಿಳಿಸಿ.

ಮಣ್ಣು ತೆಗೆಯಲು ಬರಿಯ ನೀರು ಮತ್ತು ಮೆತ್ತನೆಯ ನಾರಿನ ಬ್ರಷ್ ಸಾಕು. ತಂತಿಬ್ರಷ್ ಅಕ್ಷರದ ಅಂಚು ಸವೆಸುತ್ತದೆ, ಆಸಿಡ್ ಕಲ್ಲಿನ ಮೈಯನ್ನೇ ತಿನ್ನುತ್ತದೆ. ಓದಲೆಂದು ಹಿಟ್ಟು ಉಜ್ಜಿದರೆ ಉಳಿದದ್ದಕ್ಕೆ ಬೂಸ್ಟು ಹಿಡಿಯುತ್ತದೆ. ಎಣ್ಣೆಬಣ್ಣ ಸಣ್ಣ ಗೀರುಗಳನ್ನು ಮುಚ್ಚಿ ‘ಪ’ ಯಾವುದು, ‘ಷ’ ಯಾವುದು ತಿಳಿಯದಂತೆ ಮಾಡುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ, ನಾಲ್ಕೂ ಬದಿಯಿಂದ ಹಿಡಿದು ಫೋಟೊ ತೆಗೆಯಿರಿ. ಸವೆದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ಪಡಿಯಚ್ಚನ್ನು (ಕಾಗದದ ಮೇಲೆ ಅಕ್ಷರಗಳ ಮಸಿ ನಕಲು) ತಿಳಿದವರೇ ತೆಗೆಯಲಿ: ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕೂರಿಸಿ, ತುಸು ಆರಿದ ಮೇಲೆ ಮಸಿ ಒತ್ತುತ್ತಾರೆ. ಅವಸರಪಟ್ಟು ಹಸಿ ಕಾಗದಕ್ಕೆ ಒತ್ತಿದರೆ ಮಸಿ ಹಬ್ಬಿ ಕಲ್ಲಿಗೇ ಇಳಿಯುತ್ತದೆ.

ಕಾಂಕ್ರೀಟ್ ಬೇಡವೇ ಬೇಡ. ಬುಡದ ಸಾಲುಗಳು ಅದರೊಳಗೆ ಹೂತುಹೋಗುತ್ತವೆ. ಶಾಪಾಶಯ (ದಾನ ಕೆಡಿಸಿದವರಿಗೆ ಶಾಪ ಹಾಕುವ ಸಾಲುಗಳು), ಒಮ್ಮೊಮ್ಮೆ ಬರೆದವನ ಹೆಸರು ಇರುವುದು ಅಲ್ಲೇ. ಇಲಾಖೆ ಒಪ್ಪಿದರೆ ಸಿಕ್ಕ ಜಾಗದ ಹತ್ತಿರವೇ, ನೀರು ನಿಲ್ಲದಂತೆ ಜಲ್ಲಿ ಹಾಸಿ, ಮೇಲೊಂದು ಮಾಡು ಹಾಕಿ ನಿಲ್ಲಿಸಿ.

ಪ್ರಶ್ನೆ: ಹಳೆಯ ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆಯ ಸಂದಿಗೆ ಸಿಮೆಂಟ್ ತುಂಬಬಹುದೇ?

ಉತ್ತರ: ಬೇಡ. ಮುರಕಲ್ಲು ಮಳೆಗಾಲವಿಡೀ ನೀರು ಕುಡಿಯುತ್ತದೆ, ಆಮೇಲೆ ಸಂದಿಗಳ ಮೂಲಕವೂ ಆರಬೇಕು. ಸಿಮೆಂಟ್ ಆ ದಾರಿ ಕಟ್ಟಿದರೆ ತೇವವೂ ಉಪ್ಪೂ ಕಲ್ಲಿನ ಮುಖದಿಂದಲೇ ಹೊರಬಂದು, ಸಂದಿ ಗಟ್ಟಿಯಾಗಿದ್ದರೂ ಕಲ್ಲು ಪುಡಿಯಾಗುತ್ತದೆ. ಚೆನ್ನಾಗಿ ನೆನೆದ ಸುಣ್ಣ 1 ಪಾಲು, ಸಿಹಿನೀರಿನ ಹೊಳೆಮರಳು 3 ಪಾಲು ಕಲಸಿ ತುಂಬಿ. ಅಳಿವೆಯ ಮರಳಿನಲ್ಲಿ ಉಪ್ಪಿರುತ್ತದೆ, ಅದನ್ನು ಬಳಸಬೇಡಿ. ಗೋಣಿ ಹೊದಿಸಿ ಕೆಲವು ದಿನ ತೇವ ಉಳಿಸಿ. ಈ ಕೆಲಸಕ್ಕೆ ಮಳೆ ನಿಂತ ಮೇಲಿನ ತಿಂಗಳುಗಳೇ ಸರಿ.