ದಸರಾಕ್ಕೆ ಮೈಸೂರಿಗೆ ಹೋಗಿ ಬಾಲ್ಯದ ಅಂಗಡಿಗಳ ಫೋಟೊ ತೆಗೆಯಬೇಕು, 60 ಸಾವಿರದೊಳಗೆ ಯಾವ ಕ್ಯಾಮೆರಾ ಒಳ್ಳೆಯದು?

ಯಾವುದೂ ಬೇಡ. ದುಡ್ಡು ಉಳಿಸಿಕೊಳ್ಳಿ. ದಸರಾವರೆಗೆ ಕಾಯಲೂಬೇಡಿ.

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಎಂದಿತು. ಬೆಂಗಳೂರಲ್ಲಿ ಕೆಲಸ, ಬೆಳೆದದ್ದು ಮೈಸೂರಿನ ಅಗ್ರಹಾರದ ಕಡೆ, ಒಂದೊಂದೇ ಅಂಗಡಿ ಮುಚ್ಚುತ್ತಿದೆ, ಬಳೆ ಅಂಗಡಿ ಅಜ್ಜಿ ಈಗಲೂ ಬಂದು ಕೂರುತ್ತಾರೆ, ಎಲ್ಲ ಹೋಗುವ ಮೊದಲು ಫೋಟೊ ತೆಗೆದಿಡಬೇಕು ಎಂದು ಬರೆದಿದ್ದೀರಿ. 2016ರಲ್ಲಿ ನಾನು ಮಾಡಿದ್ದೂ ಇದನ್ನೇ.

ನಮ್ಮ ಮನೆ ರಾಮಾನುಜ ರಸ್ತೆಯಿಂದ ಒಳಗೆ. ಸಂಜೆ ಅಜ್ಜಿ ಜೊತೆ ನೂರೊಂದು ಗಣಪತಿ ದೇವಸ್ಥಾನಕ್ಕೆ ನಡೆದೇ ಹೋಗುತ್ತಿದ್ದೆವು. ತಿಂಗಳ ದಿನಸಿ ಸಂತೇಪೇಟೆಯಿಂದ, ಹೂವು ಹಣ್ಣು ದೇವರಾಜ ಮಾರುಕಟ್ಟೆಯಿಂದ, ಜೂನ್ ಬಂತೆಂದರೆ ಪಠ್ಯಪುಸ್ತಕ ಲ್ಯಾನ್ಸ್‌ಡೌನ್ ಕಟ್ಟಡದಿಂದ. ಅಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಕಡಿಮೆಗೆ ಸಿಗುತ್ತಿತ್ತು. ಹಿಂದಿನ ವರ್ಷ ಓದಿದವರು ಉತ್ತರಗಳಿಗೆ ಪೆನ್ಸಿಲಲ್ಲಿ ಗೆರೆ ಎಳೆದಿರುತ್ತಿದ್ದರು. ಅಂಥ ಪುಸ್ತಕಕ್ಕೇ ನನಗೂ ತಂಗಿಗೂ ಕಿತ್ತಾಟ.

ಆದರೆ ನಾನು ಹೇಳಬೇಕಾದದ್ದು ಶೆಟ್ರ ಗ್ರಂಧಿಗೆ ಅಂಗಡಿಯ, ಅಂದರೆ ಬೇರು ನಾರು ಗಿಡಮೂಲಿಕೆ ಮಾರುವ ಅಂಗಡಿಯ ವಿಷಯ. ನಮ್ಮ ಬೀದಿ ಕೊನೆಯಲ್ಲಿ, ಮೂರು ಜನ ನಿಂತರೆ ತುಂಬಿಹೋಗುವಷ್ಟು ಜಾಗ. ಗೋಡೆ ತುಂಬ ಮರದ ಸಣ್ಣ ಸಣ್ಣ ಖಾನೆಗಳು. ಬಜೆ, ಹಿಪ್ಪಲಿ, ಲವಂಚ, ಅತಿಮಧುರ, ಜಾಯಿಕಾಯಿ, ಅಳಲೆಕಾಯಿ, ಎಲ್ಲದರ ವಾಸನೆ ಸೇರಿ ಒಂದೇ ವಾಸನೆ ಆಗಿರುತ್ತಿತ್ತು. ಖಾನೆಗಳ ಮೇಲೆ ಹೆಸರು ಬರೆದಿರಲಿಲ್ಲ. ಶೆಟ್ರು ತಿರುಗಿ ನೋಡದೆ ಕೈ ಹಾಕಿ ತೆಗೆಯುತ್ತಿದ್ದರು. ಹಳೇ ಪೇಪರಿನ ಚೌಕ ತುಂಡು ಎಡಗೈಯಲ್ಲಿ ಹರಡಿ, ಸಾಮಾನು ಸುರಿದು, ನಾಲ್ಕೂ ಕಡೆ ಒಳಗೆ ಮಡಿಚುವರು. ಸೂರಿನಿಂದ ಇಳಿಬಿಟ್ಟ ದಾರದ ಉಂಡೆ ಎಳೆದು ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಒಂದು, ಆಮೇಲೆ ದಾರವನ್ನು ಬೆರಳಿಗೆ ಸುತ್ತಿ ಚಟ್ ಎಂದು ತುಂಡು ಮಾಡುವರು. ಆ ಪೊಟ್ಟಣ ಮನೆಗೆ ಬರುವವರೆಗೂ ಬಿಚ್ಚಿಕೊಂಡದ್ದು ನಾನು ನೋಡಿಲ್ಲ.

ನಮ್ಮ ಬಂಧುಬಳಗದಲ್ಲಿ ಯಾರಿಗೇ ಹೆರಿಗೆಯಾಗಲಿ, ಬಾಣಂತಿ ಲೇಹ್ಯ ಅಜ್ಜಿಯದೇ. ಅಜ್ಜಿ ಅಂಗಡಿಗೆ ಹೋಗಿ ಇಷ್ಟೇ ಹೇಳುವುದು: "ಶೆಟ್ರೇ, ನಮ್ಮನೆ ಬಾಣಂತಿ ಸಾಮಾನು ಕಟ್ಟಿಕೊಡಿ." ಪಟ್ಟಿ ಇಲ್ಲ, ಅಳತೆ ಇಲ್ಲ. ಶೆಟ್ರು ಕೇಳುತ್ತಿದ್ದದ್ದು ಎರಡೇ: ಮೊದಲನೇ ಹೆರಿಗೆಯಾ? ಬೇಸಿಗೆಯಾ ಮಳೆಗಾಲವಾ? ಅದರ ಮೇಲೆ ಏನು ಜಾಸ್ತಿ ಏನು ಕಡಿಮೆ ಅನ್ನುವುದು ಅವರ ತಲೆಯಲ್ಲೇ ಇತ್ತು. ನಮ್ಮ ಮನೆಯವರಿಗೆ ಖಾರ ತಡೆಯುವುದಿಲ್ಲ, ಆದ್ದರಿಂದ ಹಿಪ್ಪಲಿ ಇಳಿಸಬೇಕು ಎನ್ನುವುದೂ ಅವರಿಗೆ ಗೊತ್ತಿತ್ತು. ಅಜ್ಜಿ ತಂದು ಹುರಿದು ಕುಟ್ಟಿ ಬೆಲ್ಲದ ಪಾಕಕ್ಕೆ ಹಾಕುತ್ತಿದ್ದರು, ಅಷ್ಟೇ. ಅಂದರೆ ಲೇಹ್ಯದ ಅರ್ಧ ಅಜ್ಜಿ ಕೈಯಲ್ಲಿ, ಅರ್ಧ ಶೆಟ್ರ ತಲೆಯಲ್ಲಿ. ಇದು ನನಗೆ ಹೊಳೆಯುವ ಹೊತ್ತಿಗೆ ಕಾಲ ಮಿಂಚಿತ್ತು.

ಅಜ್ಜಿ 2009ರಲ್ಲಿ ಹೋದರು. ಆ ಹೊತ್ತಿಗೆ ನಾನು ಬೆಂಗಳೂರಿಗೆ ಬಂದಾಗಿತ್ತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅವತ್ತು ಟಿವಿ ಮುಂದೆ ಸುಮ್ನೆ ಕೂತುಬಿಟ್ಟೆ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲ ಕಡೆಯೂ ಕುಸಿಯಿತು. ಇನ್ನು ತಡಮಾಡಬಾರದು ಎಂದು ಕ್ಯಾಮೆರಾ ಕೊಂಡು, ಒಳ್ಳೆ ಲೆನ್ಸ್ ಹಾಕಿಸಿ, ಅದೇ ದಸರಾಕ್ಕೆ ಊರಿಗೆ ಹೋದೆ.

ಈಗ ತಪ್ಪಿನ ವಿಷಯ. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಅದನ್ನೇ ಮಾಡಲು ಹೊರಟಿದ್ದೀರಿ.

ಆಯುಧಪೂಜೆಯ ಹಿಂದಿನ ದಿನ, ಸಂಜೆ ಸುಮಾರು ನಾಲ್ಕೂವರೆ. ಶೆಟ್ರು ತುಂಬಾ ಇಳಿದುಹೋಗಿದ್ದರು, ಆದರೂ ಗಲ್ಲಾ ಮುಂದೆ ಕೂತಿದ್ದರು. ನೋಡಿದ ಕೂಡಲೇ ಗುರುತು ಹಿಡಿದರು. "ಮೂಲೆಮನೆ ಅಮ್ಮಾವ್ರ ಮೊಮ್ಮಗ ಅಲ್ವೇನಪ್ಪಾ? ಕೂತ್ಕೋ, ಕಾಫಿ ತರಿಸ್ತೀನಿ" ಎಂದರು. ಆಮೇಲೆ ಅವರೇ ಕೇಳಿದರು: "ತಂಗಿಗೆ ಮದುವೆ ಆಯ್ತಾ? ನಿಮ್ಮನೆ ಬಾಣಂತಿ ಸಾಮಾನು ಕಟ್ಟಿ ಬಹಳ ವರ್ಷ ಆಯ್ತು." ನಾನೇನು ಹೇಳಿದೆ ಗೊತ್ತಾ? "ಬೆಳಕು ಹೋಗತ್ತೆ ಶೆಟ್ರೇ, ಇನ್ನೂ ಎರಡು ಮೂರು ಅಂಗಡಿ ಇದೆ, ಆಮೇಲೆ ಬರ್ತೀನಿ." ಅವರನ್ನು ಖಾನೆಗಳ ಮುಂದೆ ನಿಲ್ಲಿಸಿ, ಪೊಟ್ಟಣ ಕಟ್ಟುವ ಹಾಗೆ ಕೈ ಇಡಿ ಎಂದು ಹೇಳಿ, 22 ಫೋಟೊ ತೆಗೆದು ಹೊರಟೆ. ಪೊಟ್ಟಣದೊಳಗೆ ಏನೂ ಇರಲಿಲ್ಲ. ಮಾತನ್ನು ಅವರೇ ತೆಗೆದಿದ್ದರು. ನಾನು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೂತಿದ್ದರೆ ಸಾಕಿತ್ತು. ಆಮೇಲೆ ಹೋಗಲೇ ಇಲ್ಲ. ಮರುದಿನ ಪೂಜೆ, ಅದರ ಮರುದಿನ ಜಂಬೂಸವಾರಿ, ರಸ್ತೆಯೆಲ್ಲ ಜನ, ರಾತ್ರಿ ಬಸ್ಸು.

ಎರಡು ವರ್ಷದ ಮೇಲೆ ತಂಗಿ ಹೆರಿಗೆಗೆ ತವರಿಗೆ ಬಂದಳು. ಅಮ್ಮ ಲೇಹ್ಯಕ್ಕೆ ಸಾಮಾನು ತಾ ಎಂದು ನನ್ನನ್ನೇ ಕಳಿಸಿದರು. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರ್ ನೇತುಹಾಕಿದ್ದರು. ಶೆಟ್ರು ತೀರಿಕೊಂಡು ಐದು ತಿಂಗಳಾಗಿತ್ತು. ಅಮ್ಮನಿಗೆ ಅಳತೆ ಗೊತ್ತಿಲ್ಲ, ಅಜ್ಜಿ ಎಲ್ಲೂ ಬರೆದಿಟ್ಟಿಲ್ಲ. ಅವತ್ತು ರಾತ್ರಿ ಆ 22 ಫೋಟೊಗಳನ್ನು ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಎಷ್ಟು ಚೆನ್ನಾಗಿ ಬಂದಿವೆ ಅಂದರೆ ತಕ್ಕಡಿ ಸರಪಳಿಯ ಮೇಲಿನ ಧೂಳು ಕೂಡ ಕಾಣುತ್ತದೆ. ಹೆಸರಿಲ್ಲದ ಅಷ್ಟೂ ಖಾನೆಗಳು ಸಾಲಾಗಿ ಕಾಣುತ್ತವೆ. ಯಾವುದರಲ್ಲಿ ಏನಿತ್ತು, ನಮ್ಮ ಮನೆಗೆ ಎಷ್ಟು ಹಾಕುತ್ತಿದ್ದರು, ಅದು ಯಾವ ಫೋಟೊದಲ್ಲೂ ಇಲ್ಲ.

ಬೇರೆ ಕಡೆಯಿಂದ ಸಾಮಾನು ತಂದು ಲೇಹ್ಯ ಮಾಡಿದೆವು. ತಂಗಿ ಒಂದು ಚಮಚ ತಿಂದು, "ಇದು ನಮ್ಮನೇದಲ್ಲ" ಎಂದಳು. ಬೇಜಾರಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಮ್ಮ ಎದ್ದು ಒಳಗೆ ಹೋದರು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಕ್ಯಾನನ್ನೋ ನಿಕಾನ್ನೋ ಎಂದು ತಲೆ ಕೆಡಿಸಿಕೊಂಡಿದ್ದೀರಿ. ಅಂಗಡಿಯ ಬಾಗಿಲು, ಬೋರ್ಡು, ಗಾಜಿನ ಭರಣಿ ಎಲ್ಲ ಹೊರಗಿಂದ ಬಂದವರೂ ತೆಗೆಯುತ್ತಾರೆ. ಮಾರುಕಟ್ಟೆಯ ಕುಂಕುಮದ ರಾಶಿಯನ್ನು ದಿನಾ ಎಷ್ಟು ಜನ ತೆಗೆಯುವುದಿಲ್ಲ! ನಿಮ್ಮ ಮನೆಗೆ ಏನು ಹೋಗುತ್ತಿತ್ತು, ಯಾರು ಸಾಲ ಹೇಳುತ್ತಿದ್ದರು, ನಿಮ್ಮಜ್ಜಿ ಎಷ್ಟು ಚೌಕಾಶಿ ಮಾಡುತ್ತಿದ್ದರು ಎನ್ನುವುದನ್ನು ನೀವು ಮಾತ್ರ ಕೇಳಬಹುದು, ಅಂಗಡಿಯವರು ನಿಮಗೆ ಮಾತ್ರ ಹೇಳುತ್ತಾರೆ. ಫೋಟೊಗೆ ಫೋನ್ ಸಾಕು. ಅವರು ಒಪ್ಪಿದರೆ ಅದೇ ಫೋನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ, ಅದು ಫೋಟೊಗಿಂತ ಮುಖ್ಯ.

ದಸರಾದಲ್ಲಂತೂ ಬೇಡವೇ ಬೇಡ. ವ್ಯಾಪಾರ ಬಿಟ್ಟು ನಿಮ್ಮ ಜೊತೆ ಮಾತಾಡುವ ಪುರುಸೊತ್ತು ಯಾರಿಗಿರುತ್ತದೆ? ಸಯ್ಯಾಜಿರಾವ್ ರಸ್ತೆ ದಾಟುವುದೇ ಕಷ್ಟ. ಮಾಮೂಲಿ ದಿನ, ಊಟದ ಹೊತ್ತು ಕಳೆದ ಮೇಲೆ, ಗಿರಾಕಿ ಕಡಿಮೆ ಇರುವಾಗ ಹೋಗಿ. ಬರಿಗೈಯಲ್ಲಿ ನಿಲ್ಲಬೇಡಿ, ಮೊದಲು ಏನಾದರೂ ಕೊಂಡುಕೊಳ್ಳಿ. ಮನೆಯವರ ಹೆಸರು ಹೇಳಿ. ಆಮೇಲೆ ಅವರೇ ಶುರು ಮಾಡುತ್ತಾರೆ.

ಹೋದ ವರ್ಷ ಆ ಫೋಟೊಗಳಲ್ಲಿ ಒಂದನ್ನು ಪ್ರಿಂಟ್ ಹಾಕಿಸಿ ಶೆಟ್ರ ಮನೆಗೆ ಕೊಟ್ಟು ಬಂದೆ. ಅಂಗಡಿಯಲ್ಲಿ ಕೂತ ಫೋಟೊ ಅವರ ಹತ್ತಿರ ಒಂದೂ ಇರಲಿಲ್ಲವಂತೆ. ಅವರ ಹೆಂಡತಿ ಬಹಳ ಹೊತ್ತು ನೋಡಿ, ಆ ಪೊಟ್ಟಣದಲ್ಲಿ ಏನಿದೆ ಎಂದು ಕೇಳಿದರು. ನನಗೆ ಉತ್ತರ ಹೇಳಲಾಗಲಿಲ್ಲ.

ಬಳೆ ಅಂಗಡಿ ಅಜ್ಜಿ ಈಗಲೂ ಬಂದು ಕೂರುತ್ತಾರೆ ಎಂದು ಬರೆದಿದ್ದೀರಲ್ಲ, ಒಂದು ದಿನ ರಜೆ ಹಾಕಿ ಈ ವಾರವೇ ರೈಲು ಹತ್ತಿ. ಕಾಫಿ ತರಿಸುತ್ತೇನೆ ಎಂದರೆ ಕೂತು ಕುಡಿಯಿರಿ.