ಮತ್ತಿನ ಔಷಧ ಹಾಕುವಾಗ ಮಗುವಿನ ಕೈ ಉರಿಯುವುದೇಕೆ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಆರು ವರ್ಷ. ಹಿಂದೆ ಹರ್ನಿಯಾ ಆಪರೇಷನ್ ಆದಾಗ, ಕೈಗೆ ಹಾಕಿದ್ದ ಸೂಜಿಯಲ್ಲಿ ಹಾಲಿನಂಥ ಬಿಳಿ ಔಷಧ ಬಿಟ್ಟ ಕೂಡಲೇ "ಕೈ ಉರೀತಿದೆ ಅಮ್ಮಾ" ಎಂದು ಕಿರುಚಿದ. ಈಗ ಟಾನ್ಸಿಲ್ ತೆಗೆಸಬೇಕು. ಆಸ್ಪತ್ರೆ ಹೆಸರೆತ್ತಿದರೇ ಅಳುತ್ತಾನೆ. ಏನಾದರೂ ದಾರಿ ಇದೆಯಾ?
— ಒಬ್ಬ ತಾಯಿ, ಹಾಸನ

ಉತ್ತರ: ಇದೆ. ಆ ಬಿಳಿ ಔಷಧ ಬಹುಶಃ ಪ್ರೊಪೊಫಾಲ್. ಅದನ್ನು ಎಣ್ಣೆಯಲ್ಲಿ ಬೆರೆಸಿರುತ್ತಾರೆ, ಅದಕ್ಕೇ ಹಾಲಿನ ಬಣ್ಣ. ಬೇಗ ನಿದ್ದೆ ಬರಿಸುತ್ತದೆ, ಒಳ್ಳೆಯ ಔಷಧವೇ, ಆದರೆ ಒಳಗೆ ಹೋಗುವಾಗ ರಕ್ತನಾಳವನ್ನು ಕೆರಳಿಸುತ್ತದೆ. ದೊಡ್ಡವರೂ ಉರಿ ಉರಿ ಅನ್ನುತ್ತಾರೆ. ಹಾಗಾಗಿ ನಿಮ್ಮ ಮಗ ಸುಮ್ನೆ ಹಟ ಮಾಡಿದ್ದಲ್ಲ.

ಅಂಗೈ ಹಿಂಭಾಗದ ಸಣ್ಣ ನರಕ್ಕೆ ಹಾಕಿದರೆ ಉರಿ ಜಾಸ್ತಿ, ಮೊಣಕೈ ಮಡಚುವ ಕಡೆ ಇರುವ ದಪ್ಪ ನರಕ್ಕೆ ಹಾಕಿದರೆ ಕಡಿಮೆ. ಇನ್ನೊಂದು ಉಪಾಯ ಲಿಗ್ನೋಕೇನ್. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ. ಅದನ್ನು ಸ್ವಲ್ಪ ಮೊದಲೇ ಕೊಟ್ಟರೆ ಅಥವಾ ಪ್ರೊಪೊಫಾಲ್ ಜೊತೆ ಬೆರೆಸಿದರೆ ಉರಿ ತುಂಬಾ ತಗ್ಗುತ್ತದೆ, ಎಲ್ಲ ಮಕ್ಕಳಿಗೂ ಪೂರ್ತಿ ಹೋಗುತ್ತದೆ ಎಂದು ಹೇಳಲಾರೆ.

ಸೂಜಿ ಚುಚ್ಚುವ ನೋವು ಬೇರೆ. ಅದಕ್ಕೆ ಮರಗಟ್ಟಿಸುವ ಕ್ರೀಮ್ ಇದೆ. ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಸುಮಾರು ಒಂದು ಗಂಟೆ ಬಿಡಬೇಕು. ಎಷ್ಟೋ ಕಡೆ ಇದು ಕೈಕೊಡುವುದು ಇಲ್ಲೇ, ಹತ್ತು ನಿಮಿಷ ಮೊದಲು ಹಚ್ಚಿದರೆ ಏನು ಪ್ರಯೋಜನ? ಎರಡು ಜಾಗಕ್ಕೆ ಹಚ್ಚಲು ಕೇಳಿ, ಒಂದು ಕಡೆ ನರ ಸಿಗದಿದ್ದರೆ ಇನ್ನೊಂದು ಇರುತ್ತದೆ. ಚರ್ಮ ಬೆಳ್ಳಗಾದರೆ ಗಾಬರಿ ಬೇಡ. ಆದರೆ ನೀವೇ ಅಂಗಡಿಯಿಂದ ತಂದು ಮನೆಯಲ್ಲಿ ಬಳಿಯಬೇಡಿ, ಎಷ್ಟು ಹಚ್ಚಬೇಕು ಎನ್ನುವುದಕ್ಕೆ ವಯಸ್ಸು, ತೂಕದ ಲೆಕ್ಕ ಇದೆ.

ಸೂಜಿಯ ಹೆದರಿಕೆ ವಿಪರೀತ ಇದ್ದರೆ ಮೊದಲು ಮಾಸ್ಕ್‌ನಲ್ಲಿ ಸೆವೊಫ್ಲುರೇನ್ ಗ್ಯಾಸ್ ಕೊಟ್ಟು ನಿದ್ದೆ ಬರಿಸಿ, ಆಮೇಲೆ ಸೂಜಿ ಹಾಕಬಹುದು. ಮಕ್ಕಳಲ್ಲಿ ಇದು ಮಾಮೂಲು. ಕೆಲವು ಮಕ್ಕಳಿಗೆ ಮಾಸ್ಕ್ ಕಂಡರೂ ಆಗುವುದಿಲ್ಲ, ಅವರಿಗೆ ಮೊದಲೇ ಸಮಾಧಾನಕ್ಕೆ ಮಿಡಾಜೋಲಾಮ್ ಸಿರಪ್ ಕೊಡುವುದುಂಟು. ಯಾವುದು ಸರಿ ಎಂದು ಅನಸ್ತೇಷಿಯಾ ಡಾಕ್ಟರೇ ನಿರ್ಧರಿಸಬೇಕು. ಆಪರೇಷನ್‌ಗೆ ಮುಂಚಿನ ಫಿಟ್‌ನೆಸ್ ಚೆಕಪ್‌ನಲ್ಲಿ ಅವರೇ ಸಿಗುತ್ತಾರೆ, ಹಿಂದೆ ಆದದ್ದನ್ನು ಅಲ್ಲೇ ಹೇಳಿ. ಟೇಬಲ್ ಹತ್ತಿಸಿದ ಮೇಲೆ ಹೇಳಿದರೆ ತಡವಾಗುತ್ತದೆ.

ಮನೆಯಲ್ಲಿ "ಏನೂ ನೋಯಲ್ಲ" ಎಂದು ಸುಳ್ಳು ಹೇಳಬೇಡಿ. ಊಟ ಮಾಡದಿದ್ದರೆ ಡಾಕ್ಟರ್ ಸೂಜಿ ಚುಚ್ತಾರೆ ಎಂದು ಹೆದರಿಸುವ ಅಜ್ಜಿ, ಚಿಕ್ಕಮ್ಮ ಯಾರಾದರೂ ಇದ್ದರೆ ಅವರಿಗೂ ಸ್ವಲ್ಪ ಹೇಳಿ! ಚುಚ್ಚುವ ಹೊತ್ತಿಗೆ ಫೋನಿನಲ್ಲಿ ಅವನಿಷ್ಟದ ಕಾರ್ಟೂನ್ ಹಾಕಿ, ನಿಜಕ್ಕೂ ಕೆಲಸ ಮಾಡುತ್ತದೆ.

ಹಾಂ, ನೀರಿನ ವಿಷಯ. ಊಟ, ಹಸುವಿನ ಹಾಲು 6 ಗಂಟೆ ಮೊದಲೇ ನಿಲ್ಲಿಸಬೇಕು, ಆದರೆ ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕೊಡಬಹುದು. ನಿಮ್ಮ ಆಸ್ಪತ್ರೆಯಲ್ಲಿ ಎಷ್ಟು ಹೊತ್ತಿನವರೆಗೆ ಎಂದು ಕೇಳಿಕೊಳ್ಳಿ. ರಾತ್ರಿಯಿಂದ ಒಂದು ಗುಟುಕೂ ಕುಡಿಯದ ಮಗುವಿನ ನರ ಸಿಗುವುದು ಕಷ್ಟ, ಆಗ ಎರಡೆರಡು ಸಲ ಚುಚ್ಚಬೇಕಾಗುತ್ತದೆ.