ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವವರು ಯಾವ ತರಬೇತಿಗೆ, ಯಾವ ಉಪನ್ಯಾಸಕ್ಕೆ ಹೋಗಬೇಕು?

ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಪಿಎಚ್.ಡಿ.ಗೆ ಸೇರಿ ಎರಡು ತಿಂಗಳಾಗಿದೆ ಎಂದು ಬರೆದಿದ್ದೀರಿ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ವಾರಕ್ಕೆ ನಾಲ್ಕು ಕಾರ್ಯಾಗಾರಗಳ ಪ್ರಕಟಣೆ ಬರುತ್ತವೆ, ಗೈಡ್ ‘ಮೊದಲು ಲ್ಯಾಬ್ ಕೆಲಸ ನೋಡು’ ಎನ್ನುತ್ತಾರೆ, ಸೀನಿಯರ್‌ಗಳು ‘ಸಿಕ್ಕಿದ್ದಕ್ಕೆಲ್ಲ ಹೋಗು, ಮುಂದೆ ಸಂದರ್ಶನದಲ್ಲಿ ಪ್ರಮಾಣಪತ್ರ ಕೇಳುತ್ತಾರೆ’ ಎನ್ನುತ್ತಾರೆ, ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ.

ಮೊದಲ ಪ್ರಯೋಗಕ್ಕೆ ಕೈ ಹಾಕುವ ಮುನ್ನ ಒಂದೇ ಒಂದು ತರಬೇತಿ ಮುಗಿಸಿ: ಪ್ರಯೋಗದ ವಿನ್ಯಾಸ ಮತ್ತು ಸಂಖ್ಯಾಶಾಸ್ತ್ರ. ಉಳಿದವನ್ನೆಲ್ಲ ನಿಮ್ಮ ಕೆಲಸವೇ ಕೇಳಿದಾಗ ಮಾಡಿದರೆ ಸಾಕು. ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಈ ತರಬೇತಿಯನ್ನು ನಾನು ಮೂರನೆಯ ವರ್ಷದಲ್ಲಿ ಮಾಡಿದೆ. ಅಷ್ಟರಲ್ಲಿ ಎಂಟು ತಿಂಗಳ ದುಡಿಮೆ ಮತ್ತು 120 ಮೀನುಗಳು ಹೋಗಿದ್ದವು.

ನಾನು 2016ರಲ್ಲಿ ಧಾರವಾಡದಲ್ಲೇ ಸೇರಿದವಳು. ಕ್ವಿನಾಲ್‌ಫಾಸ್ ಎಂಬ ಕೀಟನಾಶಕ ನೀರಿಗೆ ಸೇರಿದರೆ ರೋಹು ಮೀನಿನ ಮರಿಗಳ ಕಿವಿರಿಗೆ ಏನಾಗುತ್ತದೆ ಎಂಬುದು ನನ್ನ ವಿಷಯ. ನಾಲ್ಕು ತೊಟ್ಟಿ ಇಟ್ಟೆ. ಒಂದರಲ್ಲಿ ಬರಿಯ ನೀರು, ಉಳಿದ ಮೂರರಲ್ಲಿ ಮೂರು ಪ್ರಮಾಣದ ಕೀಟನಾಶಕ. ತೊಟ್ಟಿಗೆ ಮೂವತ್ತು ಮೀನು. ದಿನವೂ ನೀರು ಬದಲಿಸಿದೆ, ಕರಗಿದ ಆಮ್ಲಜನಕ ಅಳೆದೆ, ಅಂಗಾಂಶದ ಸ್ಲೈಡ್‌ಗಳನ್ನು ಮಾಡಿದೆ. ಕೊನೆಗೆ ಪ್ರತಿ ಗುಂಪಿಗೂ ಮಾದರಿ ಸಂಖ್ಯೆ ಮೂವತ್ತು ಎಂದು ಲೆಕ್ಕ ಹಾಕಿದಾಗ ‘ಪಿ’ ಬೆಲೆ (ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) ಬಹಳ ಕಡಿಮೆ, ಅಂದರೆ ಬಹಳ ಚೆನ್ನಾಗಿ ಬಂತು. ಪ್ರಬಂಧ ಬರೆಯಲು ಕುಳಿತೆ.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಐದು ದಿನಗಳ ಒಂದು ಸಂಖ್ಯಾಶಾಸ್ತ್ರ ಕಾರ್ಯಾಗಾರಕ್ಕೆ ಆಯ್ಕೆಯಾದೆ. ಮೊದಲ ದಿನವೇ ಪಾಠ ಮಾಡುವವರು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಅವರವರ ಪ್ರಯೋಗದ ಚಿತ್ರ ಬರೆಯಲು ಹೇಳಿದರು. ನನ್ನ ಹಾಳೆಯ ಮುಂದೆ ನಿಂತು ಕೇಳಿದರು: ‘ಒಂದು ಪ್ರಮಾಣಕ್ಕೆ ಎಷ್ಟು ತೊಟ್ಟಿ?’ ಒಂದು ಎಂದೆ. ‘ಹಾಗಾದರೆ ನಿಮ್ಮ ಮಾದರಿ ಸಂಖ್ಯೆಯೂ ಒಂದೇ’ ಎಂದರು.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೇ ತೊಟ್ಟಿಯ ಮೂವತ್ತು ಮೀನುಗಳು ಒಂದೇ ನೀರಿನಲ್ಲಿ ಉಸಿರಾಡುತ್ತವೆ, ಒಂದೇ ಉಷ್ಣತೆಯಲ್ಲಿ ಬೆಳೆಯುತ್ತವೆ. ಒಂದಕ್ಕೆ ಸೋಂಕು ಬಂದರೆ ಉಳಿದವಕ್ಕೂ ಬರುತ್ತದೆ. ಕಿಟಕಿಯ ಪಕ್ಕದ ತೊಟ್ಟಿಗೆ ಬಿಸಿಲು ಹೆಚ್ಚು ಬಿದ್ದಿದ್ದರೆ, ನಾನು ಕಂಡ ವ್ಯತ್ಯಾಸ ಬಿಸಿಲಿನದೋ ಕೀಟನಾಶಕದ್ದೋ ಎಂದು ಹೇಳುವ ದಾರಿಯೇ ಇಲ್ಲ. ಕೀಟನಾಶಕ ಹಾಕಿದ್ದು ತೊಟ್ಟಿಗೆ, ಆದ್ದರಿಂದ ಎಣಿಸಬೇಕಾದದ್ದು ತೊಟ್ಟಿಯನ್ನು. ಮೀನುಗಳನ್ನು ಎಣಿಸುವುದು ಹುಸಿ ಪುನರಾವರ್ತನೆ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ ಈ ತಪ್ಪಿಗೆ ಹೆಸರಿಟ್ಟು 1984ರಲ್ಲೇ ದೀರ್ಘ ಲೇಖನ ಬರೆದಿದ್ದರು. ನಾನು ಅದನ್ನು ಓದಿರಲಿಲ್ಲ, ಪಿಎಚ್.ಡಿ.ಗೆ ಸೇರಿದ ಮೇಲೆ ಕಡ್ಡಾಯವಾಗಿ ಓದುವ ನಮ್ಮ ಕೋರ್ಸ್‌ವರ್ಕ್‌ನಲ್ಲೂ ಬಂದಿರಲಿಲ್ಲ. ಅಲ್ಲಿ ನಾವು ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಪರೀಕ್ಷೆಯ ಸೂತ್ರವನ್ನು ಕೈಯಿಂದ ಬಿಡಿಸುವುದನ್ನು ಕಲಿತಿದ್ದೆವು. ಯಾವುದನ್ನು ಎಣಿಸಬೇಕು ಎಂಬುದನ್ನು ಕಲಿತಿರಲಿಲ್ಲ.

ಇದರಲ್ಲಿ ನನಗೆ ಇಂದಿಗೂ ಹೆಚ್ಚು ನೋಯುವ ಸಂಗತಿ ಬೇರೆ ಇದೆ. ನಮ್ಮ ಊರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಅಲ್ಲಿ ಎಂ.ಎಸ್‌ಸಿ. ವಿದ್ಯಾರ್ಥಿ ಕೂಡ ತಾಕುಗಳನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಯಾವ ತಾಕಿಗೆ ಯಾವ ಉಪಚಾರ (ಗೊಬ್ಬರ, ತಳಿಯಂಥ ಪರೀಕ್ಷಿಸುವ ಅಂಶ) ಎಂಬುದನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ ಹಂಚಿ, ಮೂರೋ ನಾಲ್ಕೋ ಪುನರಾವರ್ತನೆ ಇಟ್ಟ ಮೇಲೆಯೇ ಬಿತ್ತುತ್ತಾನೆ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರಾತಮ್‌ಸ್ಟೆಡ್‌ನಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ 1920ರ ದಶಕದಲ್ಲಿ ಹೊಲದ ಪ್ರಯೋಗಗಳಿಗಾಗಿಯೇ ಕಟ್ಟಿದ ಪದ್ಧತಿ ಅದು. ವರಲಕ್ಷ್ಮಿ ಹತ್ತಿ ಸಂಕರಣ 1972ರಲ್ಲಿ ಹೊರಬಂದ ಊರು ಧಾರವಾಡ. ತಾಕು ಹಾಕಿ ಲೆಕ್ಕ ನೋಡುವ ಜ್ಞಾನ ಇಲ್ಲಿ ನಮಗಿಂತ ಹಳೆಯದು. ಒಂದು ಮಧ್ಯಾಹ್ನ ಆಟೋ ಹಿಡಿದು ಅಲ್ಲಿಗೆ ಹೋಗಿ, ಸಂಖ್ಯಾಶಾಸ್ತ್ರ ಓದಿದ ಯಾರ ಮುಂದಾದರೂ ನನ್ನ ನಾಲ್ಕು ತೊಟ್ಟಿಗಳ ಚಿತ್ರ ಇಟ್ಟಿದ್ದರೆ ಸಾಕಾಗುತ್ತಿತ್ತು. ಹಾಗಾಗಿ ನಿಮಗೆ ಹೇಳುತ್ತೇನೆ: ಔಪಚಾರಿಕ ತರಬೇತಿ ಸಿಗುವವರೆಗೆ ಕಾಯಬೇಡಿ. ನಿಮ್ಮ ಪ್ರಯೋಗದ ಚಿತ್ರ ಬರೆದುಕೊಂಡು ಈ ತಿಂಗಳೇ ಹೋಗಿ ಕೇಳಿ.

ಬೆಂಗಳೂರಿನಿಂದ ಮರಳಿದ ಮೇಲೆ ಪ್ರತಿ ಪ್ರಮಾಣಕ್ಕೆ ಐದರಂತೆ ಇಪ್ಪತ್ತು ಚಿಕ್ಕ ತೊಟ್ಟಿಗಳನ್ನು ಇಟ್ಟು, ಯಾವ ತೊಟ್ಟಿ ಎಲ್ಲಿ ಇರಬೇಕೆಂದು ಚೀಟಿ ಎತ್ತಿ, ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಗೈಡ್ ಬೇಸರಪಟ್ಟುಕೊಂಡರು, ಆದರೆ ಹಾಳೆಯ ಮೇಲಿನ ಚಿತ್ರವನ್ನು ಹತ್ತು ನಿಮಿಷ ನೋಡಿ ಒಪ್ಪಿದರು. ಗೈಡ್‌ಗಳನ್ನು ಒಪ್ಪಿಸಲು ನನಗೆ ತಿಳಿದ ದಾರಿ ಇದೊಂದೇ. ‘ಕಾರ್ಯಾಗಾರಕ್ಕೆ ಹೋಗಲೇ ಸರ್’ ಎಂದು ಕೇಳಿದರೆ ಬೇಡ ಎನ್ನುತ್ತಾರೆ. ‘ಸರ್, ನನ್ನ ಸಂಶೋಧನೆಯ ಎರಡನೆಯ ಉದ್ದೇಶಕ್ಕೆ ಈ ವಿಧಾನ ಬೇಕು, ಅದನ್ನು ಅಲ್ಲಿ ಕಲಿಸುತ್ತಾರೆ, ಬಂದ ಮೇಲೆ ಲ್ಯಾಬ್‌ನವರಿಗೆಲ್ಲ ಹೇಳಿಕೊಡುತ್ತೇನೆ’ ಎಂದರೆ ಸಾಮಾನ್ಯವಾಗಿ ಸಹಿ ಬೀಳುತ್ತದೆ.

ಇನ್ನು ಪ್ರಯೋಗಾಲಯ ತಂತ್ರಗಳ ಕಾರ್ಯಾಗಾರಗಳು. ನೋಂದಣಿ ಶುಲ್ಕ ಕಟ್ಟುವ ಮುನ್ನ ಆಯೋಜಕರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ. ಒಂದು ಯಂತ್ರಕ್ಕೆ ಎಷ್ಟು ಜನ? ನಮ್ಮ ಕೈಯಲ್ಲೇ ಮಾಡಿಸುತ್ತೀರೋ, ತೋರಿಸುತ್ತೀರೋ? ನಮ್ಮದೇ ಮಾದರಿ ಅಥವಾ ದತ್ತಾಂಶ ತರಬಹುದೇ? ಅರವತ್ತು ಜನರಿಗೆ ಡಿಎನ್‌ಎಯನ್ನು ಹೆಚ್ಚಿಸುತ್ತಲೇ ಅಳೆಯುವ ಒಂದು ರಿಯಲ್ ಟೈಮ್ ಪಿಸಿಆರ್ ಯಂತ್ರವಿದ್ದರೆ ಅದು ಪ್ರಾತ್ಯಕ್ಷಿಕೆ, ತರಬೇತಿಯಲ್ಲ. ಅಂಥ ಎರಡಕ್ಕೆ ನಾನು ಹೋಗಿದ್ದೆ. ಎರಡರಲ್ಲೂ ಚೀಲ, ಪೆನ್ನು, ಪ್ರಮಾಣಪತ್ರ ಸಿಕ್ಕವು. ದ್ರವ ಅಳೆದು ಹಾಕುವ ಪಿಪೆಟ್ ಹಿಡಿಯಲು ಮಾತ್ರ ಸಿಗಲಿಲ್ಲ.

ಒಳ್ಳೆಯದು ಹೇಗಿರುತ್ತದೆ ಎಂದು ತಿಳಿಯಲು ಅದೇ ಪಿಸಿಆರ್‌ನ ಉದಾಹರಣೆ ಸಾಕು. ಮುಂದೆ ನಾನು ಹೋದ ಒಂದು ಚಿಕ್ಕ ತರಬೇತಿಯಲ್ಲಿ ಹನ್ನೆರಡು ಜನರಿದ್ದೆವು. ಮೊದಲ ಅರ್ಧ ದಿನ ಯಂತ್ರದ ಹತ್ತಿರವೇ ಬಿಡಲಿಲ್ಲ. ತಕ್ಕಡಿಯ ಮೇಲೆ ಪಿಪೆಟ್‌ನಿಂದ ಭಟ್ಟಿ ಇಳಿಸಿದ ನೀರನ್ನು ಹಾಕಿಸಿದರು. ನೂರು ಮೈಕ್ರೋಲೀಟರ್ ನೀರು ಸುಮಾರು ನೂರು ಮಿಲಿಗ್ರಾಂ ತೂಗಬೇಕು. ಹತ್ತು ಸಲ ಹಾಕಿ, ಹತ್ತು ತೂಕ ಬರೆದು, ಎಷ್ಟು ಏರುಪೇರಾಗುತ್ತಿದೆ ನೋಡಿ ಎಂದರು. ನನ್ನ ಕೈ ಎಷ್ಟು ತಪ್ಪುತ್ತದೆ ಎಂದು ನನಗೆ ಗೊತ್ತಾದದ್ದು ಅಂದು. ಮಧ್ಯಾಹ್ನ ಕಾರಣ ಹೇಳಿದರು. ಎಲ್ಲ ಸರಿಯಾಗಿದ್ದರೆ ಯಂತ್ರದ ಪ್ರತಿ ಆವರ್ತದಲ್ಲಿ (ಸೈಕಲ್) ಡಿಎನ್‌ಎ ಇಮ್ಮಡಿಯಾಗುತ್ತದೆ, ಅಂದರೆ ಒಂದು ಆವರ್ತದ ವ್ಯತ್ಯಾಸಕ್ಕೆ ಎರಡು ಪಟ್ಟು, ಸುಮಾರು 3.3 ಆವರ್ತಗಳಿಗೆ ಹತ್ತು ಪಟ್ಟು. ಆರಂಭದಲ್ಲಿ ಕೈ ಸ್ವಲ್ಪ ತಪ್ಪಿದರೂ ಜೀನ್ ‘ಹೆಚ್ಚಿತು’ ಅಥವಾ ‘ಕುಗ್ಗಿತು’ ಎಂಬ ಸುಳ್ಳು ಕಥೆ ಹುಟ್ಟುತ್ತದೆ. ಹೋಲಿಕೆಗೆ ಇಟ್ಟುಕೊಂಡ ಜೀನ್ ನಿಮ್ಮ ಉಪಚಾರದಿಂದ ಬದಲಾಗುವುದಿಲ್ಲ ಎಂದು ಮೊದಲು ತೋರಿಸಿ, ಡಿಎನ್‌ಎ ಹಾಕದ ಒಂದು ಕೊಳವೆಯನ್ನು ಪ್ರತಿ ಸಲವೂ ಇಡಿ ಎಂದರು. ಈ ವಿಧಾನದ ವರದಿಯಲ್ಲಿ ಏನೆಲ್ಲ ಇರಬೇಕೆಂದು ಹೇಳುವ ‘ಮಿಕೆ’ (MIQE) ಮಾರ್ಗಸೂಚಿ 2009ರಿಂದಲೂ ಇದೆ. ಅದನ್ನು ಓದಿಸದ ಪಿಸಿಆರ್ ಕಾರ್ಯಾಗಾರಕ್ಕೆ ನೀವು ಹೋಗದಿದ್ದರೆ ನಷ್ಟವಿಲ್ಲ.

ಧಾರವಾಡದಲ್ಲಿ ಕುಳಿತೇ ಕಲಿಯಬಹುದಾದದ್ದೂ ಬಹಳವಿದೆ. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯನ್ನು ನಾನು ಕಾರ್ಪೆಂಟ್ರೀಸ್ ಎಂಬ ಸ್ವಯಂಸೇವಕರ ಬಳಗದ ಪಾಠಗಳಿಂದ ಕಲಿತೆ. ಅವು ಜಾಲದಲ್ಲಿ ಉಚಿತ, ಜೀವಶಾಸ್ತ್ರದ ದತ್ತಾಂಶವನ್ನೇ ಉದಾಹರಣೆಯಾಗಿ ಇಟ್ಟುಕೊಂಡ ಪಾಠಗಳೂ ಇವೆ. ಜೀನೋಮ್ ದತ್ತಾಂಶದ ಕೆಲಸವಿದ್ದರೆ ಯುರೋಪಿನ ಇಎಂಬಿಎಲ್-ಇಬಿಐ ಸಂಸ್ಥೆಯ ಜಾಲ ತರಬೇತಿಗಳು ಸಿಗುತ್ತವೆ. ಸರ್ಕಾರದ ನೆರವಿನ ಜಾಲ ಶಿಕ್ಷಣ ವೇದಿಕೆಗಳಾದ ಸ್ವಯಂ ಮತ್ತು ಎನ್‌ಪಿಟಿಇಎಲ್ ಕೋರ್ಸ್‌ಗಳಲ್ಲಿ ಕಲಿಯಲು ಹಣ ಬೇಡ, ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟುತ್ತಾರೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್, ಭಾರತೀಯ ವಿಜ್ಞಾನ ಸಂಸ್ಥೆ, ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್, ಇವುಗಳ ಪ್ರಕಟಣೆಗಳ ಮೇಲೆ ಕಣ್ಣಿಡಿ. ಅರ್ಜಿಯಲ್ಲಿ ‘ಈ ತರಬೇತಿ ನಿಮಗೇಕೆ’ ಎಂಬ ಜಾಗದಲ್ಲಿ ವಿಷಯದ ಮಹತ್ವ ಬರೆಯಬೇಡಿ, ನಿಮ್ಮ ಪ್ರಯೋಗ ಎಲ್ಲಿ ಸಿಕ್ಕಿಕೊಂಡಿದೆ ಎಂದು ಬರೆಯಿರಿ. ನನ್ನ ಅರ್ಜಿಗಳು ಎರಡು ಸಲ ತಿರಸ್ಕೃತವಾಗಿ ಮೂರನೆಯ ಸಲ ಸ್ವೀಕೃತವಾದದ್ದು ಈ ಬದಲಾವಣೆಯಿಂದ. ಪ್ರಯಾಣದ ವೆಚ್ಚ ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಬೆಂಗಳೂರಿಗೆ ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ ಸ್ಲೀಪರ್ ಟಿಕೆಟ್ ಕೂಡ ಫೆಲೋಶಿಪ್ ಇಲ್ಲದವರಿಗೆ ಭಾರವೇ.

ಕೋರ್ಸ್‌ವರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಕನಿಷ್ಠ 12 ಕ್ರೆಡಿಟ್ ಆಗಬೇಕು, ಶೇ 55 ಅಂಕ ಬೇಕು, ಮಾಡಲೇಬೇಕು. ಅದರೊಳಗಿನ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಎರಡು ಕ್ರೆಡಿಟ್‌ಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕೃತಿಚೌರ್ಯದ ತಂತ್ರಾಂಶ ಶೇ 10ಕ್ಕಿಂತ ಕಡಿಮೆ ತೋರಿಸಿದರೆ ನೀತಿ ಮುಗಿಯಿತು ಎಂದು ನಂಬಿದವರನ್ನು ಬಹಳ ಕಂಡಿದ್ದೇನೆ. ನನ್ನ ನಾಲ್ಕು ತೊಟ್ಟಿಗಳ ಪ್ರಬಂಧದಲ್ಲಿ ಕದ್ದ ವಾಕ್ಯ ಒಂದೂ ಇರಲಿಲ್ಲ. ಅದು ಅಚ್ಚಾಗಿದ್ದರೆ ಆಗುತ್ತಿದ್ದ ಕೇಡನ್ನು ಯಾವ ತಂತ್ರಾಂಶವೂ ಹಿಡಿಯುತ್ತಿರಲಿಲ್ಲ.

ಉಪನ್ಯಾಸಗಳ ವಿಷಯಕ್ಕೆ ಬರುತ್ತೇನೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನೀವೂ ಹಾಗೆಯೇ ಎಂದು ಬರೆದಿದ್ದೀರಿ. ಮೊದಲ ವರ್ಷ ಹೊರಗಿನಿಂದ ಬಂದ ವಿಜ್ಞಾನಿಗಳ ಮಾತು ಕೇಳುವಾಗ ಹತ್ತು ನಿಮಿಷದ ಬಳಿಕ ಎಳೆ ತಪ್ಪುತ್ತಿತ್ತು. ಇಂಗ್ಲಿಷ್ ಬಾರದು ಎಂದು ಕೊರಗುತ್ತಿದ್ದೆ. ನಿಜವಾದ ಕಾರಣ ಸಿದ್ಧತೆ ಇಲ್ಲದೆ ಹೋಗುತ್ತಿದ್ದುದು. ಆಮೇಲೆ ಒಂದು ರೂಢಿ ಮಾಡಿಕೊಂಡೆ. ಭಾಷಣಕಾರರ ಒಂದು ಸಂಶೋಧನಾ ಲೇಖನ ಹುಡುಕಿ, ಪೂರ್ತಿ ಓದದೆ, ಮೊದಲ ಎರಡು ಚಿತ್ರಗಳನ್ನು ಮಾತ್ರ ಬಿಡಿಸಿ ನೋಡುವುದು. ಹುಟ್ಟಿದ ಅನುಮಾನವನ್ನು ಕನ್ನಡದಲ್ಲೇ ಒಂದು ಸಾಲು ಬರೆದಿಟ್ಟುಕೊಳ್ಳುವುದು. ಮಾತು ಮುಗಿದಾಗ ಅದಕ್ಕೆ ಉತ್ತರ ಸಿಕ್ಕಿರದಿದ್ದರೆ ಅದನ್ನೇ ಮುರುಕು ಇಂಗ್ಲಿಷಿನಲ್ಲಾದರೂ ಕೇಳುವುದು. ನಾನು ಕೇಳಿದ ಮೊದಲ ಪ್ರಶ್ನೆ ಐದು ಪದಗಳದ್ದು: ನಿಯಂತ್ರಣ ಗುಂಪು ಯಾವುದು ಎಂದು. ಆ ವಿಜ್ಞಾನಿ ಸ್ಲೈಡ್ ಹಿಂದಕ್ಕೆ ತೆಗೆದುಕೊಂಡು ಹೋಗಿ ಐದು ನಿಮಿಷ ವಿವರಿಸಿದರು. ಸಭೆಯಲ್ಲಿ ಹಲವರು ಆಗ ಬರೆದುಕೊಂಡದ್ದನ್ನು ನೋಡಿದೆ. ಅನುಮಾನ ನನ್ನೊಬ್ಬಳದೇ ಆಗಿರಲಿಲ್ಲ.

ಅದರಿಂದ ಒಂದು ಓದುಗೂಟವೂ ಬೆಳೆಯಿತು. ಕೃಷಿ, ವೈದ್ಯಕೀಯ, ಮೂಲವಿಜ್ಞಾನ ಎಂದು ಬೇರೆ ಬೇರೆ ಕಡೆಯ ಆರು ಜನ ಶನಿವಾರ ಮಧ್ಯಾಹ್ನ ಸೇರಿ ಒಂದು ಲೇಖನ ಚರ್ಚಿಸುತ್ತಿದ್ದೆವು. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸುಗಳು ಆಗಷ್ಟೇ ಓಡಲು ಶುರುವಾಗಿದ್ದವು, ಹುಬ್ಬಳ್ಳಿಯ ಇಬ್ಬರು ಅದರಲ್ಲಿ ಬರುತ್ತಿದ್ದರು. ಚರ್ಚೆ ಕನ್ನಡದಲ್ಲಿ, ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿ. ಯಾವ ಪ್ರಮಾಣಪತ್ರವೂ ಇಲ್ಲದ ಈ ಕೂಟದಲ್ಲಿ ನಾನು ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ. ನಿಮ್ಮ ವಿಭಾಗದಲ್ಲಿ ಇಂಥದ್ದು ಇಲ್ಲದಿದ್ದರೆ ಮೂರು ಜನರಿಂದ ಶುರು ಮಾಡಿ.

ಕೊನೆಯದಾಗಿ, ನೀವೇ ಉಪನ್ಯಾಸ ಕೊಡಿ, ಕನ್ನಡದಲ್ಲಿ ಕೊಡಿ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರು ನಮ್ಮದು. ದತ್ತಿ ಉಪನ್ಯಾಸ ಕೇಳಲು ಸಂಜೆ ಛತ್ರಿ ಹಿಡಿದು ಬರುವ ಹಿರಿಯರು ಇಲ್ಲಿ ಇಂದಿಗೂ ಇದ್ದಾರೆ. ಇಲ್ಲಿ ಕೇಳುಗರಿಗೆ ಬರವಿಲ್ಲ. ನಾಲ್ಕನೆಯ ವರ್ಷ ನಾನು ಬ್ಯಾಡಗಿ ತಾಲ್ಲೂಕಿನ ನನ್ನೂರಿನ ಪ್ರೌಢಶಾಲೆಯಲ್ಲಿ ಮೀನಿನ ಕಿವಿರಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಮೆಣಸಿನಕಾಯಿ ಬೆಳೆಯುವ ಮನೆಗಳ ಮಕ್ಕಳು, ಹೊಲಕ್ಕೆ ಎಣ್ಣೆ ಹೊಡೆಯುವುದನ್ನು ದಿನವೂ ಕಂಡವರು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೇಳುತ್ತಾರೆ. ಮಾತು ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ‘ಅಕ್ಕಾ, ಹೊಲದ ಎಣ್ಣೆ ಕೆರೆಗೆ ಬರುವುದು ಎಣ್ಣೆ ಹೊಡೆದ ಮೇಲೆ ಮಳೆ ಬಿದ್ದಾಗ. ನೀವು ನಿಮ್ಮ ಮೀನಿನ ನೀರಿಗೆ ದಿನವೂ ಏಕೆ ಹಾಕಿದಿರಿ?’

ನನ್ನ ಬಳಿ ಉತ್ತರ ಇರಲಿಲ್ಲ. ಎಲ್ಲರೂ ಹಾಗೆ ಮಾಡುತ್ತಾರೆ ಎಂದಷ್ಟೇ ಗೊತ್ತಿತ್ತು, ಅದನ್ನು ಅವಳಿಗೆ ಉತ್ತರವೆಂದು ಹೇಳಲು ಮನಸ್ಸಾಗಲಿಲ್ಲ. ಧಾರವಾಡಕ್ಕೆ ಮರಳಿ ಗೈಡ್ ಜೊತೆ ಕುಳಿತು ಹೊಸ ಪ್ರಯೋಗ ಬರೆದೆವು: ಕೆಲವೇ ಗಂಟೆ ಕೀಟನಾಶಕದ ನೀರು, ಮತ್ತೆ ಒಂದು ವಾರ ಶುದ್ಧ ನೀರು, ಹೀಗೆ ಮೂರು ಸಲ, ಮೂರು ಮಳೆಗಳ ಲೆಕ್ಕದಲ್ಲಿ. ತೊಟ್ಟಿಗಳು ಈ ಸಲವೂ ಇಪ್ಪತ್ತು, ಜಾಗ ಚೀಟಿ ಎತ್ತಿಯೇ. ನನ್ನ ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ ಅದು. ಕೃತಜ್ಞತೆಯ ಪುಟದಲ್ಲಿ ಆ ಶಾಲೆಯ ಒಂಬತ್ತನೆಯ ತರಗತಿಯನ್ನು ಗೈಡ್ ಹೆಸರಿನ ಕೆಳಗೆಯೇ ಬರೆದಿದ್ದೇನೆ.